ಕಡಲಿಗೆ ಪಹಣಿ ಇಲ್ಲ

ಹಾಸನ ಜಿಲ್ಲೆಯ ನೆಲವನ್ನು ಎಷ್ಟು ಆಳಕ್ಕೆ ಕೊರೆದರೂ ಪೆಟ್ರೋಲಿಯಂ ಸಿಗುವುದಿಲ್ಲ. ಹೊಳೆನರಸೀಪುರದ ಸುತ್ತಲಿನ ಶಿಸ್ಟ್ ಶಿಲೆಗಳೂ ಗೊರೂರಿನ ನೈಸ್ ಬಂಡೆಗಳೂ ಮುನ್ನೂರು ಕೋಟಿ ವರ್ಷಕ್ಕಿಂತ ಹಳೆಯವು. ಭೂವಿಜ್ಞಾನಿಗಳು ದೂರದೂರದಿಂದ ಹುಡುಕಿಕೊಂಡು ಬರುವ ಕಲ್ಲುಗಳಿವು. ಎಣ್ಣೆ ಹುಟ್ಟಬೇಕಾದರೆ ನೀರಿನ ತಳದಲ್ಲಿ ಅಸಂಖ್ಯ ಜೀವಿಗಳು ಸತ್ತು ಬೀಳಬೇಕು, ಅವುಗಳ ಮೇಲೆ ಪದರ ಪದರವಾಗಿ ಹೂಳು ಕೂರಬೇಕು, ಕೋಟ್ಯಂತರ ವರ್ಷ ಒತ್ತಡದಲ್ಲಿ, ಶಾಖದಲ್ಲಿ ಮಾಗಬೇಕು. ನಮ್ಮ ಗಟ್ಟಿ ಬಂಡೆಯಲ್ಲಿ ಅದಕ್ಕೆ ಎಡೆಯಿಲ್ಲ. ಹೀಗಿರುವಾಗ ಸಮುದ್ರದಲ್ಲಿ ಎಣ್ಣೆ, ಅನಿಲ ಕೊರೆಯುವುದು ಸರಿಯೋ ತಪ್ಪೋ ಎಂಬ ಚರ್ಚೆ ಹಾಸನದವರಿಗೆ, ಅರಕಲಗೂಡು, ಚನ್ನರಾಯಪಟ್ಟಣದವರಿಗೆ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕು ಎನ್ನುವುದು ನನ್ನ ವಾದ. ಕರಾವಳಿಯವರಿಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು.

2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗದಲ್ಲಿ ಪೆಟ್ರೋಲ್, ಡೀಸೆಲ್ ಹರಿಯುತ್ತಿವೆ. ಸುಮಾರು 360 ಕಿಲೋಮೀಟರ್ ಉದ್ದದ ಈ ಮಾರ್ಗ ಮಂಗಳೂರಿನಿಂದ ಹೊರಟು, ನೆರಿಯದ ಪಂಪಿಂಗ್ ಸ್ಟೇಷನ್ನಿನಲ್ಲಿ ಬಲ ಪಡೆದು ಘಟ್ಟ ಹತ್ತುತ್ತದೆ, ಹಾಸನ ಮುಟ್ಟುತ್ತದೆ, ಅಲ್ಲಿಂದ ಬೆಂಗಳೂರಿನಾಚೆಯ ದೇವನಗೊಂದಿಗೆ ಹೋಗುತ್ತದೆ. ಅಡುಗೆ ಅನಿಲಕ್ಕೆಂದು ಮಂಗಳೂರು–ಹಾಸನ–ಮೈಸೂರು–ಸೋಲೂರು ಮಾರ್ಗ ಆಮೇಲೆ ಬಂತು. ಮೊದಲನೆಯ ಮಾರ್ಗದ ಒಡೆತನ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಒಎನ್‌ಜಿಸಿಯದು. 2018ರಿಂದ ಹಿಂದುಸ್ತಾನ್ ಪೆಟ್ರೋಲಿಯಂ ಕೂಡ ಒಎನ್‌ಜಿಸಿಯ ಅಧೀನ ಸಂಸ್ಥೆ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರ 2003ರಲ್ಲೇ ಒಎನ್‌ಜಿಸಿಯ ಕೈಸೇರಿತ್ತು. ಮುಂಬೈ ಕಡಲಿನ ಬಾಂಬೆ ಹೈ ತೈಲ ಕ್ಷೇತ್ರದಲ್ಲಿ ಬಾವಿ ಕೊರೆದ ಸಂಸ್ಥೆಯೇ ನಮ್ಮ ಹೊಲದಡಿಯ ಕೊಳವೆಯ ಪಾಲುದಾರ ಎಂಬುದನ್ನು ಹಾಸನದ ಓದುಗರು ಗಮನಿಸಬೇಕು. ಆಲೂಗಡ್ಡೆ ಹೊಲ ಉಳುವ ಟ್ರಾಕ್ಟರಿನ ಡೀಸೆಲ್ಲೂ, ಅರಕಲಗೂಡಿನ ಹೊಗೆಸೊಪ್ಪನ್ನು ಹರಾಜಿಗೆ ಸಾಗಿಸುವ ಲಾರಿಯ ಡೀಸೆಲ್ಲೂ ಕಡಲು ದಾಟಿ ಬಂದದ್ದು, ಇಲ್ಲವೇ ಕಡಲಿನಿಂದಲೇ ಎತ್ತಿದ್ದು.

ಕೊಳವೆ ಬರುವಾಗ ಇಲ್ಲಿನ ರೈತರ ಜೊತೆ ಕಾನೂನು ಹೇಗೆ ನಡೆದುಕೊಂಡಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಇಂಥ ಕೆಲಸಕ್ಕೆ 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆ ಇದೆ. ಅದರ ಪ್ರಕಾರ ಸರ್ಕಾರ ನೆಲದ ಒಡೆತನ ಪಡೆಯುವುದಿಲ್ಲ, ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಮೊದಲು ಮೂರನೇ ಸೆಕ್ಷನ್ ಪ್ರಕಾರ ಅಧಿಸೂಚನೆ ಹೊರಡಬೇಕು. ತಕರಾರು ಇದ್ದವರು 21 ದಿನದೊಳಗೆ ಸಲ್ಲಿಸಬಹುದು, ಅಧಿಕಾರಿ ಅದನ್ನು ಕೇಳಲೇಬೇಕು. ಹೀಗೆ ಪಡೆಯುವ ನೆಲದ ಪಟ್ಟಿ ಸಾಮಾನ್ಯವಾಗಿ 18 ಮೀಟರ್ ಅಗಲ. ಒಬ್ಬ ರೈತನ ಹೊಲದಲ್ಲಿ ನೂರು ಮೀಟರ್ ಹಾದುಹೋದರೆ ಹೆಚ್ಚುಕಡಿಮೆ 18 ಗುಂಟೆ ಅದರಡಿಗೆ ಬೀಳುತ್ತದೆ. ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಗಿಡಮರ ನೆಡುವಂತಿಲ್ಲ. ರಾಗಿ ಬೆಳೆಯಬಹುದು, ತೆಂಗಿನ ಸಸಿ ಇಡುವಂತಿಲ್ಲ. ತೆಂಗನ್ನೇ ನಂಬಿದ ಚನ್ನರಾಯಪಟ್ಟಣ ಸೀಮೆಯಲ್ಲಿ ಈ ನಿರ್ಬಂಧ ಎಷ್ಟು ಭಾರ ಎಂಬುದನ್ನು ಬೇರೆ ಹೇಳಬೇಕಿಲ್ಲ. ಇದಕ್ಕೆಲ್ಲ ಸಿಗುವ ಪರಿಹಾರ, ಬೆಳೆ ಮತ್ತು ಮರಗಳ ನಷ್ಟ ಬಿಟ್ಟರೆ, ನೆಲದ ಮಾರುಕಟ್ಟೆ ಬೆಲೆಯ ಶೇ. 10. ಅಧಿಸೂಚನೆಯ ದಿನ ಇದ್ದ ಬೆಲೆಯ ಶೇ. 10.

ಇದು ಉದಾರ ಕಾನೂನಲ್ಲ. ಮೊಮ್ಮಕ್ಕಳ ಕಾಲದವರೆಗೂ ಉಳಿಯುವ ನಿರ್ಬಂಧಕ್ಕೆ ಹತ್ತನೇ ಒಂದು ಪಾಲು ಬೆಲೆ ಎಂಬುದು ಅನ್ಯಾಯವೇ ಸರಿ. ಆದರೂ ಇದರಲ್ಲಿ ಒಂದು ತತ್ವ ಉಳಿದಿದೆ. ಪಹಣಿಯಲ್ಲಿ ಹೆಸರಿದ್ದವನನ್ನು ಸರ್ಕಾರ ಗುರುತಿಸುತ್ತದೆ. ಅವನ ಸರ್ವೆ ನಂಬರು ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಬೇಡ ಎನ್ನಲು ಅವನಿಗೊಂದು ಅವಕಾಶವಿದೆ, ಕೊಟ್ಟದ್ದು ಸಾಲದು ಎಂದು ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು ದಾರಿಯಿದೆ. ಹದಿನೆಂಟು ಗುಂಟೆಗೂ ಒಬ್ಬ ವಾರಸುದಾರ ಇದ್ದಾನೆ ಎಂದು ಕಾನೂನು ಒಪ್ಪಿಕೊಳ್ಳುತ್ತದೆ.

ಈಗ ಕಡಲಿನತ್ತ ನೋಡೋಣ. ಸಮುದ್ರದಲ್ಲಿ ಒಂದು ತೈಲ ವೇದಿಕೆ ನಿಲ್ಲಿಸಿದರೆ ಅದರ ಸುತ್ತ 500 ಮೀಟರ್ ಸುರಕ್ಷಾ ವಲಯ. ಅಲ್ಲಿ ಬಲೆ ಬೀಸುವಂತಿಲ್ಲ. ಲೆಕ್ಕ ಹಾಕಿದರೆ ಒಂದು ವೇದಿಕೆಗೆ ಸುಮಾರು 194 ಎಕರೆ ನೀರು ಮೀನುಗಾರರ ಕೈತಪ್ಪುತ್ತದೆ. ಆ 194 ಎಕರೆಗೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ. ತಲೆತಲಾಂತರದಿಂದ ಅಲ್ಲೇ ಬಂಗುಡೆ, ಬೂತಾಯಿ ಹಿಡಿದು ಬದುಕಿದವರಿಗೆ ಮೂರನೇ ಸೆಕ್ಷನ್ನಿನ ನೋಟಿಸೂ ಬರುವುದಿಲ್ಲ, ಶೇ. 10 ಪರಿಹಾರವೂ ಬರುವುದಿಲ್ಲ.

ಬಾವಿ ಕೊರೆಯುವ ಮೊದಲೇ ತೊಂದರೆ ಶುರುವಾಗುತ್ತದೆ. ಕಡಲಡಿಯ ಪದರಗಳನ್ನು ಅಳೆಯಲು ಹಡಗುಗಳು ಗಾಳಿಯ ಗನ್ನುಗಳನ್ನು ಎಳೆದುಕೊಂಡು ಹೋಗಿ, ಕೆಲವೇ ಸೆಕೆಂಡಿಗೊಮ್ಮೆ ಭಾರಿ ಸದ್ದು ಹೊರಡಿಸುತ್ತವೆ. ತಿಮಿಂಗಿಲ, ಡಾಲ್ಫಿನ್‌ಗಳು ಸದ್ದಿನಿಂದಲೇ ದಾರಿ ಹುಡುಕುವ ಪ್ರಾಣಿಗಳು. ಅವುಗಳ ಮಾತಿರಲಿ, 2017ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಗನ್ನಿನಿಂದ 1.2 ಕಿಲೋಮೀಟರ್ ದೂರದವರೆಗೂ ಪ್ರಾಣಿ ಪ್ಲವಕಗಳು ಸಾಯುವುದು ಕಂಡುಬಂತು. ಮೀನಿನ ಮರಿಗಳಿಗೆ ಆಹಾರ ಈ ಕಣ್ಣಿಗೆ ಕಾಣದ ಜೀವಿಗಳೇ. ಕೊರೆಯುವಾಗ ಮೇಲೆ ಬರುವ ಕೆಸರು, ಕಲ್ಲಿನ ಚೂರು, ಎಣ್ಣೆಯ ಜೊತೆ ಬರುವ ಉಪ್ಪುನೀರು, ಉರಿಸಿಬಿಡುವ ಅನಿಲ, ಇವೆಲ್ಲ ದಿನನಿತ್ಯದ ಮಾಲಿನ್ಯ. ಇವು ಸುದ್ದಿಯಾಗುವುದಿಲ್ಲ. ಸುದ್ದಿಯಾಗುವುದು ಬಾವಿ ಸಿಡಿದಾಗ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತರು. ನೀರಿನಡಿ ಸುಮಾರು 1,500 ಮೀಟರ್ ಆಳದಲ್ಲಿದ್ದ ಬಾವಿಯ ಬಾಯಿಂದ 87 ದಿನ ಎಣ್ಣೆ ಉಕ್ಕಿತು. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು, ಜಗತ್ತಿನ ಅತಿ ಬಲಿಷ್ಠ ಸರ್ಕಾರ, ಎರಡೂ ಸೇರಿ ಮೂರು ತಿಂಗಳು ಆ ಬಾಯಿ ಮುಚ್ಚಲಾಗಲಿಲ್ಲ. ಎಲ್ಲರೂ ಮರೆಯುವ ಒಂದು ಸಂಗತಿ ಇದರಲ್ಲಿದೆ: ಅದು ಉತ್ಪಾದನೆಯ ಬಾವಿಯಾಗಿರಲಿಲ್ಲ. ಎಣ್ಣೆ ಇದೆಯೋ ಇಲ್ಲವೋ ಎಂದು ನೋಡಲು ಕೊರೆದ ಶೋಧದ ಬಾವಿ.

ಇದನ್ನು ನೆನಪಿಟ್ಟುಕೊಂಡು ನಮ್ಮ ದೇಶದ ಒಂದು ಅಧಿಸೂಚನೆಯನ್ನು ಓದಬೇಕು. 2020ರ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯವು 2006ರ ಪರಿಸರ ಪರಿಣಾಮ ಅಧಿಸೂಚನೆಗೆ ತಿದ್ದುಪಡಿ ತಂದಿತು. ನೆಲದ ಮೇಲಾಗಲಿ ಸಮುದ್ರದಲ್ಲಾಗಲಿ, ತೈಲ ಮತ್ತು ಅನಿಲದ ಶೋಧವನ್ನು 'ಎ' ವರ್ಗದಿಂದ ಇಳಿಸಿ 'ಬಿ2' ವರ್ಗಕ್ಕೆ ಹಾಕಿತು. ಬಿ2 ಯೋಜನೆಗೆ ಪರಿಸರ ಪರಿಣಾಮ ವರದಿ ಬೇಡ, ಜನರ ಅಹವಾಲು ಸಭೆಯೂ ಬೇಡ. ಉತ್ಪಾದನೆಯ ಹಂತ ಮಾತ್ರ 'ಎ' ವರ್ಗದಲ್ಲೇ ಉಳಿಯಿತು. ಶೋಧವೆಂದರೆ ತಾತ್ಕಾಲಿಕ ಕೆಲಸ, ಅದರ ಪರಿಣಾಮ ಸಣ್ಣದು ಎಂಬುದು ಇದರ ಹಿಂದಿನ ತರ್ಕ. ಹತ್ತೇ ವರ್ಷದ ಹಿಂದೆ ಮೆಕ್ಸಿಕೋ ಕೊಲ್ಲಿ ಈ ತರ್ಕವನ್ನು ಸುಳ್ಳು ಮಾಡಿತ್ತು. ನೆಲದಡಿಯ ಒತ್ತಡ ಎಷ್ಟೆಂಬುದು ಮೊದಲ ಬಾವಿಯಲ್ಲೇ ಕಡಿಮೆ ತಿಳಿದಿರುವುದು, ಆದ್ದರಿಂದ ಅಪಾಯವೂ ಅಲ್ಲೇ ಹೆಚ್ಚು. ಅಲ್ಲದೆ ಎಣ್ಣೆ ಸಿಕ್ಕಿ, ಸಾವಿರಾರು ಕೋಟಿ ಸುರಿದ ಮೇಲೆ ಕರೆಯುವ ಅಹವಾಲು ಸಭೆಯಲ್ಲಿ 'ಬೇಡ' ಎಂಬ ಮಾತಿಗೆ ಏನು ಬೆಲೆ ಉಳಿದಿರುತ್ತದೆ?

ಅದರ ನಂತರ ಎಲ್ಲವೂ ಒಂದೇ ದಿಕ್ಕಿಗೆ ಸಾಗಿದೆ. ರಕ್ಷಣೆ ಮತ್ತು ಬಾಹ್ಯಾಕಾಶದ ಕಾರಣಗಳಿಗಾಗಿ ಶೋಧಕ್ಕೆ ಮುಚ್ಚಿದ್ದ ಕಡಲಿನಲ್ಲಿ ಶೇ. 99ರಷ್ಟನ್ನು, ಸುಮಾರು 10 ಲಕ್ಷ ಚದರ ಕಿಲೋಮೀಟರನ್ನು, 2022ರಲ್ಲಿ ತೆರೆಯಲಾಯಿತು. 2025ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಆಳಸಮುದ್ರ ಶೋಧದ ರಾಷ್ಟ್ರೀಯ ಅಭಿಯಾನ ಘೋಷಿಸಿದರು. ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ದೇಶದ ಅತ್ಯಂತ ಫಲವತ್ತಾದ ಮೀನಿನ ನೆಲೆಗಳಲ್ಲೊಂದು. 1976ರಲ್ಲಿ ಶ್ರೀಲಂಕಾದ ಜೊತೆ ಒಪ್ಪಂದ ಮಾಡಿಕೊಂಡು ಅದರ ಮೇಲಿನ ಹಕ್ಕನ್ನು ಭಾರತ ಖಚಿತ ಮಾಡಿಕೊಂಡಿತು. ಆ ಕಡಲಿನ ತೈಲ ಶೋಧದ ಬ್ಲಾಕ್‌ಗಳನ್ನು ಈಗ ಒಎನ್‌ಜಿಸಿಗೆ ಹಂಚಿದ್ದಾರೆ. ಕನ್ಯಾಕುಮಾರಿಯ ಮೀನುಗಾರರು ಬೀದಿಗಿಳಿದಿದ್ದಾರೆ. ನಮ್ಮ ಹೊಲದಡಿಯ ಕೊಳವೆಯ ಒಡೆಯನ ಮೇಲೆಯೇ ಅವರ ದೂರು.

ಮುಂದೆ ಅನಾಹುತವಾದರೆ ಅವರಿಗೆ ಪರಿಹಾರ ಕೊಡುವವರು ಯಾರು? ತೈಲ ಸಾಗಿಸುವ ಟ್ಯಾಂಕರ್ ಹಡಗು ಸೋರಿದರೆ ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದಗಳಿವೆ, ಪರಿಹಾರ ನಿಧಿಯಿದೆ. ಕೊರೆಯುವ ವೇದಿಕೆಯಿಂದ ಸೋರಿದರೆ ಅಂಥ ಜಾಗತಿಕ ಒಪ್ಪಂದವೇ ಇಲ್ಲ. 2009ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಉತ್ತರಕ್ಕೆ ಮೊಂಟಾರಾ ಬಾವಿ ಸಿಡಿದು ಎರಡು ತಿಂಗಳಿಗೂ ಹೆಚ್ಚು ಕಾಲ ತಿಮೋರ್ ಸಮುದ್ರಕ್ಕೆ ಎಣ್ಣೆ ಹರಿಯಿತು. ಇಂಡೋನೇಷ್ಯಾದ ದ್ವೀಪಗಳಲ್ಲಿ ಕಡಲಕಳೆ ಬೆಳೆಯುತ್ತಿದ್ದ ಬಡ ರೈತರ ಬೆಳೆ ಸತ್ತಿತು. ಕಂಪನಿ ಒಪ್ಪಲಿಲ್ಲ. ಸುಮಾರು ಹದಿನೈದು ಸಾವಿರ ರೈತರ ಪರವಾಗಿ ಒಬ್ಬ ರೈತ ಆಸ್ಟ್ರೇಲಿಯಾದ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2021ರಲ್ಲಿ ತೀರ್ಪು ಅವರ ಪರ ಬಂತು, 2022ರ ಕೊನೆಗೆ 19.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಗೆಲುವು ಹೌದು, ಆದರೆ ಹದಿಮೂರು ವರ್ಷದ ನಂತರ. ಹೇಮಾವತಿಯ ಹಿನ್ನೀರಿಗೆ ಭೂಮಿ ಕೊಟ್ಟು ವರ್ಷಾನುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಪರಿಹಾರ ತಡವಾಗುವುದೆಂದರೆ ಏನು ಎಂದು ಅವರಿಗೆ ಗೊತ್ತು.

ಕೊರೆಯುವವರ ಪರವಾದ ಮಾತನ್ನೂ ನಾನು ಹಗುರವಾಗಿ ನೋಡುವುದಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು. ಪಶ್ಚಿಮ ಏಷ್ಯಾದಲ್ಲಿ ಯುದ್ಧವಾದರೆ ಇಲ್ಲಿನ ಒಲೆಗೆ ತಟ್ಟುತ್ತದೆ. ದೇಶದೊಳಗೆ ತೆಗೆಯುವ ಕಚ್ಚಾತೈಲದ ಸುಮಾರು ಅರ್ಧ ಕಡಲಿನಿಂದ ಬರುತ್ತಿದೆ. 1974ರಲ್ಲಿ ಸಾಗರ್ ಸಾಮ್ರಾಟ್ ಎಂಬ ಕೊರೆಯುವ ವೇದಿಕೆ ಬಾಂಬೆ ಹೈನಲ್ಲಿ ಎಣ್ಣೆ ಕಾಣದೇ ಹೋಗಿದ್ದರೆ ಆ ದಶಕದ ತೈಲ ಬಿಕ್ಕಟ್ಟು ಇನ್ನೂ ಕಠಿಣವಾಗುತ್ತಿತ್ತು. ಸಿಲಿಂಡರ್ ಬಂದ ಮೇಲೆ ಹಳ್ಳಿಯ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಸಿಕ್ಕ ಬಿಡುವನ್ನು ಸೌದೆ ಒಲೆ ಊದದವರು ಅಲ್ಲಗಳೆಯಬಾರದು. ಕೊಳವೆಯ ವಿಷಯದಲ್ಲೂ ಅಷ್ಟೆ. 2013ರ ಏಪ್ರಿಲ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹಲವರು ಸುಟ್ಟುಹೋದರು. ಶಿರಾಡಿ ಘಾಟಿಯ ತಿರುವುಗಳಲ್ಲಿ ಸಾಲುಸಾಲು ಟ್ಯಾಂಕರ್ ಓಡುವುದಕ್ಕಿಂತ ಕೊಳವೆ ವಾಸಿ. ಕೊಳವೆಯೂ ಎಚ್ಚರ ತಪ್ಪಿದರೆ ಕೊಲ್ಲುತ್ತದೆ, 2014ರ ಜೂನ್‌ನಲ್ಲಿ ಆಂಧ್ರದ ನಗರಂ ಗ್ರಾಮದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಂತೆ.

ಹಾಗಾಗಿ ಈಗ ನಡೆಯುತ್ತಿರುವ ಬಾವಿಗಳನ್ನೆಲ್ಲ ನಾಳೆಯೇ ಮುಚ್ಚಿ ಎಂದು ನಾನು ಹೇಳುವುದಿಲ್ಲ. ನನ್ನ ಆಕ್ಷೇಪ ಹೊಸ ಕಡಲು ತೆರೆಯುವ ಅವಸರದ ಮೇಲೆ. ಹೊಸ ಬಾವಿಯಿಂದ ಪೆಟ್ರೋಲ್ ಅಗ್ಗವಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ದೇಶದೊಳಗಿನ ಕಚ್ಚಾತೈಲವೂ ಅಂತರರಾಷ್ಟ್ರೀಯ ದರವನ್ನು ಅನುಸರಿಸಿಯೇ ಮಾರಾಟವಾಗುತ್ತದೆ. ಹಾಸನದ ಬಂಕಿನ ಬೆಲೆಯನ್ನು ನಿರ್ಧರಿಸುವುದು ಬಾವಿ ಎಲ್ಲಿದೆ ಎಂಬುದಲ್ಲ. ಹೊಸ ಬಾವಿ ಇಂದಿನ ಕೊರತೆ ನೀಗುವುದೂ ಇಲ್ಲ. ಕೃಷ್ಣಾ–ಗೋದಾವರಿ ಆಳಸಮುದ್ರದ 98/2 ಬ್ಲಾಕನ್ನು ಒಎನ್‌ಜಿಸಿ ಕೈಗೆತ್ತಿಕೊಂಡದ್ದು 2005ರಲ್ಲಿ, ಅಲ್ಲಿಂದ ಮೊದಲ ಎಣ್ಣೆ ಹರಿದದ್ದು 2024ರ ಜನವರಿ 7ರಂದು. ಹೆಚ್ಚುಕಡಿಮೆ ಎರಡು ದಶಕ. ಇಂದು ವಾಡ್ಜ್ ಬ್ಯಾಂಕ್ ಬಳಿ ಶೋಧ ಶುರುವಾದರೆ, ಅದೃಷ್ಟವಿದ್ದರೆ, ಎಣ್ಣೆ ಸಿಗುವುದು 2040ರ ಆಸುಪಾಸಿನಲ್ಲಿ. 2070ಕ್ಕೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುತ್ತೇವೆಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ಆ ಮಾತು ನಿಜವಾದರೆ, ಮೂವತ್ತು ನಲವತ್ತು ವರ್ಷ ಓಡಲೆಂದು ಕಟ್ಟುವ ಈ ಬಾವಿಗಳು ಯಾರಿಗಾಗಿ? ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತೈಲ ಕೊಳ್ಳುವ ದೇಶಗಳೇ ಕಟ್ಟಿಕೊಂಡ ಸಂಸ್ಥೆ, ಪರಿಸರವಾದಿಗಳ ಕೂಟವಲ್ಲ. 2050ಕ್ಕೆ ನಿವ್ವಳ ಶೂನ್ಯ ತಲುಪುವ ದಾರಿಯಲ್ಲಿ ಹೊಸ ತೈಲ, ಅನಿಲ ಕ್ಷೇತ್ರಗಳ ಅಗತ್ಯವಿಲ್ಲ ಎಂದು 2021ರಲ್ಲಿ ಅದೇ ವರದಿ ಕೊಟ್ಟಿತು.

ಈ ಚರ್ಚೆಯಲ್ಲಿ ಕಾವೇರಿಯೂ ಇದ್ದಾಳೆ. ನಮಗೆ ಕಾವೇರಿ ಎಂದರೆ ರಾಮನಾಥಪುರ, ಕೊಣನೂರು, ಆಮೇಲೆ ನೀರಿನ ಜಗಳ. ತೈಲ ಕಂಪನಿಗಳ ನಕ್ಷೆಯಲ್ಲಿ ಅದೇ ಹೆಸರಿನ ಇನ್ನೊಂದು ಪ್ರದೇಶವಿದೆ: ತಂಜಾವೂರಿನ ಗದ್ದೆಗಳಿಂದ ಹಿಡಿದು ಕಡಲೊಳಗೆ ಚಾಚಿಕೊಂಡ, ಎತ್ತರದ ನಾಡುಗಳಿಂದ ಯುಗಾಂತರಗಳಲ್ಲಿ ಕೊಚ್ಚಿಬಂದ ಹೂಳಿನ ಪದರಗಳ ಪ್ರದೇಶ. ಅಲ್ಲಿ ಎಣ್ಣೆಯಿದೆ. 2017ರಲ್ಲಿ ನೆಡುವಾಸಲ್‌ನ ರೈತರು ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ಕೂತರು. ಅದೇ ವರ್ಷ ಕದಿರಾಮಂಗಲದಲ್ಲಿ ಒಎನ್‌ಜಿಸಿ ಕೊಳವೆ ಸೋರಿ ಗದ್ದೆಗೆ ಎಣ್ಣೆ ಹರಿದಾಗ ಊರೇ ಎದ್ದು ನಿಂತಿತು. ಹೋರಾಟ ಬೆಳೆದು 2020ರಲ್ಲಿ ತಮಿಳುನಾಡು ಸರ್ಕಾರ ಡೆಲ್ಟಾವನ್ನು ರಕ್ಷಿತ ಕೃಷಿ ವಲಯವೆಂದು ಘೋಷಿಸುವ ಕಾಯ್ದೆ ತಂದು ಹೊಸ ತೈಲ, ಅನಿಲ ಬಾವಿಗಳನ್ನು ನಿಷೇಧಿಸಿತು. ಹೊಳೆನರಸೀಪುರ ದಾಟಿ ಹೋಗುವ ಹೇಮಾವತಿಯ ನೀರೂ ಕೊನೆಗೆ ಸೇರುವ ಗದ್ದೆಗಳವು. ನೀರಿನ ಹಂಚಿಕೆಯಲ್ಲಿ ಆ ರೈತರೊಂದಿಗೆ ನಮಗೆ ಎಷ್ಟೇ ತಕರಾರಿರಲಿ, ಈ ಗೆಲುವಿನಲ್ಲಿ ಅವರು ನಮಗೆ ಮಾದರಿ.

ಆದರೆ ಕಾಯ್ದೆಯ ಗೆರೆ ನೆಲ ಮುಗಿಯುವಲ್ಲಿಗೆ ನಿಂತಿತು. ನಾಗಪಟ್ಟಣದ ಗದ್ದೆಗೆ ಸಿಕ್ಕ ರಕ್ಷಣೆ ನಾಗಪಟ್ಟಣದ ಕಡಲಿಗೆ ಸಿಗಲಿಲ್ಲ. ಒಂದೇ ಊರು, ಒಂದೇ ಎಣ್ಣೆ, ಒಂದೇ ಕಂಪನಿ. ರೈತನಿಗೆ ಪಟ್ಟಾ ಇತ್ತು, ಮೀನುಗಾರನಿಗೆ ಇರಲಿಲ್ಲ. ಈ ಭೇದವೇ ನನಗೆ ಒಪ್ಪಲಾಗದ್ದು.

ಕರ್ನಾಟಕದ ಕಡಲು ಸದ್ಯಕ್ಕೆ ಬಚಾವಾಗಿದೆ. ಕೇರಳ–ಕೊಂಕಣ ವಲಯವೆಂದು ಕರೆಯುವ ಈ ಭಾಗದಲ್ಲಿ ಇದುವರೆಗೆ ವಾಣಿಜ್ಯ ಪ್ರಮಾಣದ ತೈಲ ಸಿಕ್ಕಿಲ್ಲ. ಆದರೂ ಎಣ್ಣೆಯ ರುಚಿ ನಮ್ಮ ಕರಾವಳಿಗೆ ಹೊಸದಲ್ಲ. 2006ರ ಮೇ ಕೊನೆಯಲ್ಲಿ ಕಾರವಾರದ ಬಳಿ ಓಶನ್ ಸೆರಾಯಾ ಎಂಬ ಸರಕು ಹಡಗು ಬಂಡೆಗೆ ಬಡಿದು ಅದರ ಇಂಧನ ಕಾರವಾರದಿಂದ ಗೋವಾದವರೆಗೂ ದಡಕ್ಕೆ ಹತ್ತಿತು. ಮಳೆಗಾಲದ ಗಾಳಿ ಬೀಸತೊಡಗಿದರೆ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಡಾಂಬರಿನ ಉಂಡೆಗಳು ಬಂದು ಬೀಳುವುದು ಮಾಮೂಲಾಗಿದೆ. ಗೋವಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಅಂಥ ಕೆಲವು ಉಂಡೆಗಳ ಮೂಲವನ್ನು ಬಾಂಬೆ ಹೈ ತೈಲದವರೆಗೆ ಗುರುತಿಸಿವೆ. ಬಾಂಬೆ ಹೈನಲ್ಲಿ ದುಡಿಯುವವರ ಕಥೆಯಂತೂ ಬೇರೆಯೇ. 2005ರ ಜುಲೈ 27ರಂದು ಹಡಗೊಂದು ವೇದಿಕೆಗೆ ಗುದ್ದಿ ಬೆಂಕಿ ಹತ್ತಿದಾಗ 22 ಜನ ಸತ್ತರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಪಿ-305 ಬಾರ್ಜ್ ಮುಳುಗಿ 70 ಮಂದಿಯಾದರೂ ಹೋದರು. ಚಂಡಮಾರುತದ ಮುನ್ಸೂಚನೆ ಮೊದಲೇ ಇತ್ತು. ನಮ್ಮ ಲೀಟರಿನ ಬೆಲೆಯಲ್ಲಿ ಈ ಜೀವಗಳು ಲೆಕ್ಕಕ್ಕೆ ಬಂದಿಲ್ಲ.

ಕಂಪನಿ ಕೆಲಸ ಮುಗಿಸಿ ಹೋದ ಮೇಲೆ ನೆಲಕ್ಕೆ ಏನಾಗುತ್ತದೆ ಎಂಬುದಕ್ಕೆ ನಾವು ಕಡಲಿನವರೆಗೆ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಒಂದು ಕಾಲಕ್ಕೆ ಹೆಸರಾಗಿತ್ತು. ಗಣಿಯ ಸುತ್ತಲ ಮಣ್ಣಿನಲ್ಲಿ ಕ್ರೋಮಿಯಂ ಮಿತಿ ಮೀರಿರುವುದನ್ನು ವಿಜ್ಞಾನಿಗಳು ಆಮೇಲೆ ದಾಖಲಿಸಿದರು. ಅದಿರು ಹೋಯಿತು, ಲಾಭ ಹೋಯಿತು, ತ್ಯಾಜ್ಯದ ಗುಡ್ಡೆಗಳು ಮಾತ್ರ ಊರಿನವರ ಪಾಲಿಗೆ ಉಳಿದವು. ನೆಲದ ಮೇಲೆ, ಎಲ್ಲರ ಕಣ್ಣೆದುರಿಗೇ ಹೀಗಾದರೆ, ದಡದಿಂದ ನೂರಾರು ಕಿಲೋಮೀಟರ್ ದೂರದ ಕಡಲ ತಳದಲ್ಲಿ ಮುಚ್ಚಿದ ಬಾವಿ ಸೋರುತ್ತಿದೆಯೇ ಎಂದು ಯಾರು ನೋಡಲು ಹೋಗುತ್ತಾರೆ?

ಇಂಧನ ಉರಿಸುವವರು ನಾವು. ಆದ್ದರಿಂದ ಅದು ಯಾವ ಷರತ್ತಿನ ಮೇಲೆ ಬರಬೇಕು ಎಂದು ಹೇಳುವ ಹಕ್ಕೂ ಹೊಣೆಯೂ ನಮಗಿವೆ. 2020ರ ಜನವರಿ 16ರ ತಿದ್ದುಪಡಿ ರದ್ದಾಗಬೇಕು, ಕಡಲಿನ ಶೋಧಕ್ಕೂ ಪರಿಸರ ವರದಿ ಮತ್ತು ಮೀನುಗಾರರ ಬಂದರುಗಳಲ್ಲೇ ನಡೆಯುವ ಅಹವಾಲು ಸಭೆ ಕಡ್ಡಾಯವಾಗಬೇಕು. ವೇದಿಕೆಯಿಂದ ಸೋರಿದ ಎಣ್ಣೆಗೆ, ತಪ್ಪು ಯಾರದೆಂಬ ವಾದ ಮುಗಿಯುವುದನ್ನು ಕಾಯದೆ, ಕಂಪನಿಯೇ ಮೀನುಗಾರರ ನಷ್ಟ ಭರಿಸುವ ಕಾನೂನು ಬರಬೇಕು, ಅದರ ಹಣವನ್ನು ಬಾವಿ ಕೊರೆಯುವ ಮೊದಲೇ ಠೇವಣಿ ಇಡಿಸಬೇಕು. ಇವೆರಡೂ ಆಗುವವರೆಗೆ ವಾಡ್ಜ್ ಬ್ಯಾಂಕ್‌ನಂಥ ಮೀನಿನ ನೆಲೆಗಳಲ್ಲಿ, ಅಂಡಮಾನಿನ ಆಳ ಕಡಲಿನಲ್ಲಿ ಹೊಸ ಬಾವಿ ಬೇಡ. ಇದರ ಜೊತೆಗೆ ಡೀಸೆಲ್ ಪಂಪಿನ ಜಾಗಕ್ಕೆ ಸೌರ ಪಂಪು, ತಾಲ್ಲೂಕು ಕೇಂದ್ರಗಳ ನಡುವೆ ವಿದ್ಯುತ್ ಬಸ್ಸು ಕೇಳುವುದು ನಮ್ಮ ಮನೆಯೊಳಗಿನ ಕೆಲಸ.

ಕೊಳವೆ ಹಾಕುವಾಗ ಹಾಸನದ ರೈತ 21 ದಿನದ ತಕರಾರಿನ ಹಕ್ಕು ಪಡೆದ. ಶೇ. 10 ಸಾಲದು ಎಂದು ಅವನು ಇವತ್ತಿಗೂ ಕೇಳಬೇಕು. ಅದೇ ಕೊಳವೆಯ ಇನ್ನೊಂದು ತುದಿಯಲ್ಲಿರುವ ಮೀನುಗಾರನಿಗೆ ಆ 21 ದಿನವೂ ಇಲ್ಲ ಎಂಬುದನ್ನು ಅವನೇ ಎತ್ತಿ ಹೇಳಿದರೆ ಆ ಮಾತಿಗೆ ಬರುವ ತೂಕವೇ ಬೇರೆ. ಮುಂದಿನ ಲೋಕಸಭೆ ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ಹೇಮಾವತಿಯ ನಾಲೆಯ ಬಗ್ಗೆ, ಆನೆ ಹಾವಳಿಯ ಬಗ್ಗೆ ಕೇಳುವಾಗ, ದಯವಿಟ್ಟು 2020ರ ಆ ತಿದ್ದುಪಡಿ ಅಧಿಸೂಚನೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿ.